ಕಣ್ಣೀರು, ಕೋಪ, ‘ಸಭೆ ಬಿಟ್ಟು ಹೋಗ್ತೇವೆ’ ಎಂಬ ಮಾತು: ಸಮಿತಿ ತನ್ನ ತೀರ್ಮಾನದಲ್ಲಿ ನಿಲ್ಲುವುದು ಹೇಗೆ?

ಪ್ರಶ್ನೆ: ಕಾರ್ಯದರ್ಶಿ, ಸಿದ್ದಾಪುರ ಕಡೆ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು.

ಕೊಡಗಿನ ಕಾಫಿ ತೋಟಗಳ ನಡುವಿನ ಸಣ್ಣ ಕ್ರೈಸ್ತ ಸಭೆ ನಮ್ಮದು, 74 ಕುಟುಂಬ. ಕನ್ನಡ ಆರಾಧನೆ ಬೆಳಿಗ್ಗೆ 8.30ಕ್ಕೆ. ಲೈನ್ ಮನೆಗಳಲ್ಲಿ (ತೋಟದ ಕೆಲಸದವರ ಸಾಲು ಮನೆಗಳಲ್ಲಿ) ಇರುವ 19 ತಮಿಳು ಕುಟುಂಬಗಳಿಗೆ ತಿಂಗಳಿಗೊಮ್ಮೆ, ಎರಡನೇ ಭಾನುವಾರ, ಅವರ ಭಾಷೆಯಲ್ಲೇ ಆರಾಧನೆ ಇಡೋಣವೆಂದು ಸಮಿತಿ ಒಪ್ಪಿತು. ಅಯ್ಯನವರು (ಸಭೆಯ ಪಾದ್ರಿ) 11 ಗಂಟೆಗೆ ಇನ್ನೊಂದು ಸಭೆಗೆ ಹೋಗಬೇಕು. ಹಾಗಾಗಿ ಆ ಒಂದು ಭಾನುವಾರ ಮಾತ್ರ ಕನ್ನಡ ಆರಾಧನೆ 7.30ಕ್ಕೆ ಬರುತ್ತದೆ, ತಮಿಳು ಆರಾಧನೆ 9.15ರಿಂದ 10.30ರವರೆಗೆ.

ತೀರ್ಮಾನ ಓದಿ ಹೇಳಿದ ದಿನವೇ ಶುರುವಾಯಿತು. ಹಳೆಯ ಮನೆತನವೊಂದು ಚಂದಾ ನಿಲ್ಲಿಸುತ್ತೇವೆ, ಬೇರೆ ಸಭೆಗೆ ಹೋಗುತ್ತೇವೆ ಅಂದಿದೆ. ಗಾಯನ ವೃಂದದವರು ‘ಇನ್ನು ಹಾಡುವುದಿಲ್ಲ’ ಅಂದಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ರಾತ್ರಿ 11ರವರೆಗೂ ಮಾತು. ‘ಎಲ್ಲರಿಗೂ ಬೇಸರವಾಗಿದೆ’ ಎಂದು ಅಯ್ಯನವರಿಗೆ ದಿನಕ್ಕೆ ಹತ್ತಾರು ಕರೆ. ಸಮಿತಿಯ ಅರ್ಧ ಜನ ಮುಂದಿನ ಭಾನುವಾರವೇ ತೀರ್ಮಾನ ಹಿಂದಕ್ಕೆ ತೆಗೆದುಕೊಳ್ಳೋಣ ಅನ್ನುತ್ತಿದ್ದಾರೆ. ಸಮಾಧಾನಕ್ಕಾಗಿ ಬಿಟ್ಟುಕೊಡುವುದೇ ಕ್ರಿಸ್ತನ ಮನಸ್ಸಲ್ಲವೇ ಎಂದೂ ಕೇಳುತ್ತಾರೆ. ಈ ವಾರ ನಾವು ಏನು ಮಾಡಬೇಕು, ಏನು ಮಾಡಬಾರದು? ಅನುಭವವುಳ್ಳವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1: ಹೂಮಳೆ

ಕಾರ್ಯದರ್ಶಿಯವರೇ, ಮೊದಲು ಒಂದು ಮಾತು ಸಮಿತಿಯ ಎಲ್ಲರಿಗೂ ಮುಟ್ಟಲಿ. ಈ ವಾರ ಹೊಸ ತೀರ್ಮಾನ ಬೇಡ. ತೀರ್ಮಾನ ಸರಿಯೋ ತಪ್ಪೋ ಎಂಬುದು ಬೇರೆ ಪ್ರಶ್ನೆ, ಅದನ್ನು ಪರಿಶೀಲಿಸುವುದಕ್ಕೆ ಬೇರೆ ಒಂದು ದಿನ ಇಟ್ಟುಕೊಳ್ಳಿ. ಬೆದರಿಕೆ ಬಂದ ವಾರದಲ್ಲೇ ಹಿಂದೆಗೆದರೆ, ಚಂದಾ ನಿಲ್ಲಿಸುತ್ತೇವೆ ಅಂದರೆ ಸಮಿತಿ ಬಗ್ಗುತ್ತದೆ ಎಂದು ಇಡೀ ಸಭೆ ಕಲಿಯುತ್ತದೆ. ಮುಂದಿನ ಸಲ ಅದೇ ಬೆದರಿಕೆ ಸ್ಮಶಾನದ ಜಾಗದ ವಿಷಯದಲ್ಲಿ ಬರುತ್ತದೆ, ಬೆಳೆ ಹಬ್ಬದ ಲೆಕ್ಕದ ವಿಷಯದಲ್ಲಿ ಬರುತ್ತದೆ.

ಸೌಲನ ಕಥೆ ಓದಿ, 1 ಸಮುವೇಲ 13. ಪ್ರವಾದಿ ಸಮುವೇಲ ಬರಲೆಂದು ಅರಸ ಸೌಲ ಏಳು ದಿನ ಕಾದ. ಜನ ಚದುರಿಹೋಗುವುದನ್ನು ನೋಡಿ ತಡೆಯಲಾರದೆ ತಾನೇ ಯಜ್ಞ ಅರ್ಪಿಸಿದ. ಮುಗಿಸುತ್ತಿದ್ದಂತೆ ಸಮುವೇಲ ಬಂದುಬಿಟ್ಟ. 15ನೇ ಅಧ್ಯಾಯಕ್ಕೆ ಬಂದರೆ, ಜನರಿಗೆ ಹೆದರಿ ಅವರ ಮಾತು ಕೇಳಿದೆ ಎಂದು ಅವನ ಬಾಯಲ್ಲೇ ಬರುತ್ತದೆ. ಮೋಶೆಯ ಅಣ್ಣ ಆರೋನನದೂ ಅದೇ ದಾರಿ. ಜನ ಗುಂಪುಗೂಡಿ ಒತ್ತಾಯಿಸಿದರು, ಪೂಜೆಗೆ ಚಿನ್ನದ ಬಸವನನ್ನು ಮಾಡಿಕೊಟ್ಟ. ಮೋಶೆ ಕೇಳಿದಾಗ ‘ಈ ಜನರ ಸ್ವಭಾವ ನಿನಗೇ ಗೊತ್ತಲ್ಲ’ ಎಂಬ ಧಾಟಿಯಲ್ಲಿ ತಪ್ಪನ್ನು ಜನರ ಮೇಲೇ ಹಾಕಿದ. ಜನರನ್ನು ಮೆಚ್ಚಿಸಲು ಹೊರಟ ನಾಯಕ ಕೊನೆಗೆ ಅದೇ ಜನರನ್ನು ದೂರುತ್ತಾನೆ, ಇದನ್ನು ಗಮನಿಸಿ.

ಈಗ ಈ ವಾರದ ಕೆಲಸ.

ಕರೆ ಮಾಡಿದವರಿಗೆ ಅದೇ ದಿನ ಉತ್ತರ ಹೋಗಬೇಕು, ಆದರೆ ಉತ್ತರದಲ್ಲಿ ಭರವಸೆ ಇರಬಾರದು. ‘ನಿಮ್ಮ ಮಾತು ಕೇಳಿದೆ. ಬರೆದುಕೊಂಡಿದ್ದೇನೆ. ಗುರುವಾರ ಸಂಜೆ ಮನೆಗೆ ಬರುತ್ತೇವೆ.’ ಇಷ್ಟು ಸಾಕು. ‘ನೋಡೋಣ, ಏನಾದರೂ ಮಾಡೋಣ’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಕೇಳಿದವರ ಕಿವಿಗೆ ಅದು ‘ರದ್ದು ಮಾಡುತ್ತೇವೆ’ ಎಂದೇ ಬೀಳುತ್ತದೆ, ರದ್ದಾಗದಿದ್ದರೆ ಸಮಿತಿ ಮಾತಿಗೆ ತಪ್ಪಿತು ಅನ್ನುತ್ತಾರೆ.

ಮನೆ ಭೇಟಿಗೆ ಇಬ್ಬರು ಹೋಗಿ, ಒಬ್ಬರೇ ಬೇಡ. ಒಬ್ಬರೇ ಹೋದರೆ ಅಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ನಾಲ್ವರು ಹೋದರೆ ವಿಚಾರಣೆಗೆ ಬಂದ ಹಾಗಿರುತ್ತದೆ. ಒಬ್ಬರು ಆ ಮನೆಗೆ ಹತ್ತಿರದವರಾಗಿರಲಿ, ಇನ್ನೊಬ್ಬರು ತೀರ್ಮಾನದ ಪರವಾಗಿ ಕೈ ಎತ್ತಿದವರು. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೊದಲ ಅರ್ಧ ಗಂಟೆ ಅವರದು, ನೀವು ಸಮಜಾಯಿಷಿ ಕೊಡಬೇಡಿ. ಆಮೇಲೆ ಅವರ ಮಾತನ್ನು ನಿಮ್ಮ ಬಾಯಲ್ಲಿ ತಿರುಗಿ ಹೇಳಿ, ಸರಿಯಾಗಿ ಅರ್ಥವಾಗಿದೆಯೇ ಎಂದು ಕೇಳಿ. ಹಳೆಯ ಮನೆತನ ಸಿಟ್ಟಾದರೆ ಅದು ಒಂದು ಗಂಟೆ ಬೇಗ ಏಳುವ ಕಷ್ಟಕ್ಕಲ್ಲ ಎಂದು ನನಗನ್ನಿಸುತ್ತದೆ. ‘ನಮ್ಮ ಅಜ್ಜಂದಿರು ಕಟ್ಟಿದ ಸಭೆಯಲ್ಲಿ ನಮ್ಮನ್ನು ಕೇಳಲಿಲ್ಲ’ ಎಂಬ ನೋವು ಅದು. ಆ ನೋವಿಗೆ ಗೌರವ ಕೊಡಿ, ಸಮಯಪಟ್ಟಿಯ ವಾದಕ್ಕೆ ಇಳಿಯಬೇಡಿ. ಕೊನೆಗೆ ಮೂರು ಮಾತು: ನೀವು ಹೇಳಿದ್ದು ಇದು, ತೀರ್ಮಾನ ಸದ್ಯಕ್ಕೆ ಹಾಗೇ ಇರುತ್ತದೆ, ಇಂಥ ದಿನ ಪರಿಶೀಲನೆ ಇದೆ, ಅಲ್ಲಿ ನೀವೇ ಬಂದು ಮಾತಾಡಿ. ಪ್ರಾರ್ಥನೆ ಮಾಡಿ ಎದ್ದುಬಿಡಿ. ಆ ಪ್ರಾರ್ಥನೆಯೊಳಗೆ ಬುದ್ಧಿಮಾತು ತುರುಕಬೇಡಿ. ದೇವರ ಜೊತೆ ಮಾತಾಡುವ ನೆಪದಲ್ಲಿ ಅವರಿಗೆ ಚುಚ್ಚಿದರೆ ಆ ಮನೆಯ ಬಾಗಿಲು ವರ್ಷಗಟ್ಟಲೆ ಮುಚ್ಚುತ್ತದೆ.

‘ಎಲ್ಲರೂ ಹೇಳುತ್ತಿದ್ದಾರೆ’ ಅಂದವರನ್ನು ಮೆತ್ತಗೆ ಕೇಳಿ: ಯಾರು ಯಾರು? ಅವರನ್ನು ನನ್ನ ಹತ್ತಿರ ಕಳಿಸುತ್ತೀರಾ, ಇಲ್ಲವೇ ನಾವೇ ಅವರ ಮನೆಗೆ ಹೋಗೋಣವೇ? ಬಹಳ ಸಲ ‘ಎಲ್ಲರೂ’ ಅಂದರೆ ಮೂರು ಮನೆ. ಹೆಸರು ಹೇಳಲಾಗದ ದೂರನ್ನು ಸಮಿತಿಯ ಮೇಜಿಗೆ ತರಬೇಡಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯುವ ಕೆಲಸವನ್ನು ಅಯ್ಯನವರೂ ಮಾಡಬಾರದು, ನೀವೂ ಮಾಡಬಾರದು. ಮತ್ತಾಯ 18:15 ಹೇಳುವ ಮೊದಲ ಹೆಜ್ಜೆ ಒಬ್ಬರು ಇನ್ನೊಬ್ಬರ ಎದುರು ಕೂತು ಮಾತಾಡುವುದು. ನಡುವೆ ಮೂರನೆಯವರು ಸೇರಿಕೊಂಡರೆ ಜಗಳದ ಇಬ್ಬರಿಗೂ ಹಗುರವಾಗುತ್ತದೆ, ಭಾರವೆಲ್ಲ ಮೂರನೆಯವರ ಹೆಗಲಿಗೆ. ನಿಮ್ಮ ಅಯ್ಯನವರು ಈಗ ಇರುವುದು ಅಲ್ಲಿ.

ವಾಟ್ಸಾಪ್ ವಿಷಯಕ್ಕೆ ನೆಹೆಮೀಯ 6 ನೋಡಿ. ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನಿಗೆ ವಿರೋಧಿಗಳಿಂದ ‘ಓನೋ ಬಯಲಿಗೆ ಬಾ’ ಎಂದು ನಾಲ್ಕು ಸಲ ಕರೆ, ನಾಲ್ಕು ಸಲವೂ ಒಂದೇ ಉತ್ತರ: ದೊಡ್ಡ ಕೆಲಸದಲ್ಲಿದ್ದೇನೆ, ಬರಲಾರೆ. ಐದನೆಯ ಸಲ ಬಂದದ್ದು ಮುಚ್ಚದ ಪತ್ರ, ದಾರಿಯಲ್ಲಿ ಯಾರು ಬೇಕಾದರೂ ಓದಲಿ ಎಂದೇ ಹಾಗೆ ಕಳಿಸಿದ್ದು. ನೆಹೆಮೀಯ ಅದಕ್ಕೆ ಪುಟಗಟ್ಟಲೆ ಸಮರ್ಥನೆ ಬರೆಯಲಿಲ್ಲ. ನೀನು ಹೇಳಿದಂಥದ್ದು ಯಾವುದೂ ನಡೆದಿಲ್ಲ, ಇದೆಲ್ಲ ನಿನ್ನದೇ ಕಲ್ಪನೆ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಕೈಗಳಿಗೆ ಬಲ ಕೊಡು ಎಂದು ದೇವರಲ್ಲಿ ಬೇಡಿಕೊಂಡ. ಗೋಡೆ ಏಳುತ್ತಲೇ ಇತ್ತು. ನೀವೂ ಗುಂಪಿಗೆ ಒಂದೇ ಒಂದು ಸೂಚನೆ ಹಾಕಿ, ಆಮೇಲೆ ಅದರ ಕೆಳಗೆ ಸಮಿತಿಯ ಯಾರೂ ಚರ್ಚೆಗೆ ಇಳಿಯಬೇಡಿ. ಗುಂಪನ್ನು ಅಳಿಸುವುದು, ಯಾರನ್ನಾದರೂ ತೆಗೆದುಹಾಕುವುದು ಈ ಹೊತ್ತಿನಲ್ಲಿ ಬೇಡವೇ ಬೇಡ. ‘ಬಾಯಿ ಮುಚ್ಚಿಸಿದರು’ ಎಂಬ ಎರಡನೇ ಜಗಳ ಅಲ್ಲಿಂದ ಹುಟ್ಟುತ್ತದೆ.

ಇನ್ನೊಂದು. ಭಾನುವಾರದ ಪ್ರಸಂಗದಲ್ಲಿ ಈ ವಿಷಯ ತೆಗೆಯಬೇಡಿ ಎಂದು ಅಯ್ಯನವರಲ್ಲಿ ಕೇಳಿಕೊಳ್ಳಿ. ಪ್ರಸಂಗಪೀಠದಿಂದ ಬಂದ ಮಾತಿಗೆ ಕುಳಿತವರು ಉತ್ತರ ಕೊಡುವಂತಿಲ್ಲ, ಅವರ ಉತ್ತರ ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಬರುತ್ತದೆ.

ಉತ್ತರ 2: ಲೆಕ್ಕಪುಸ್ತಕ

ಹೂಮಳೆಯವರು ಹೇಳಿದ್ದರ ಜೊತೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಗಟ್ಟಿಯಾಗಿ ನಿಲ್ಲುವುದೂ ಹಟ ಹಿಡಿಯುವುದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರ ನಡುವಿನ ಗೆರೆಯನ್ನು ನೀವು ಕಾಗದದ ಮೇಲೆ ತೋರಿಸಬೇಕಾಗುತ್ತದೆ.

ನಡಾವಳಿ ಪುಸ್ತಕ ತೆಗೆದು ನೋಡಿ. ವಿಷಯ ಮೊದಲೇ ಕಾರ್ಯಸೂಚಿಯಲ್ಲಿತ್ತೇ ಅಥವಾ ‘ಇತರೆ ವಿಷಯಗಳು’ ಅಡಿಯಲ್ಲಿ ಕೊನೆಗೆ ಬಂತೇ? ಎಷ್ಟು ಜನ ಹಾಜರಿದ್ದರು, ಎಷ್ಟು ಜನ ಒಪ್ಪಿದರು? ಸಭೆಗೆ ತಿಳಿಸುವ ಮುನ್ನ ಗಾಯನ ವೃಂದದ ಜೊತೆಗೂ ಸಂಡೇ ಸ್ಕೂಲ್ ಶಿಕ್ಷಕರ ಜೊತೆಗೂ ಮಾತಾಡಿದ್ದಿರೇ? ಸಮಯ ಬದಲಾದರೆ ಹೆಚ್ಚು ಪೆಟ್ಟು ಬೀಳುವುದು ಅವರಿಗೆ. ಕೇಳಿರದಿದ್ದರೆ ಅದಕ್ಕೆ ಕ್ಷಮೆ ಕೇಳಿ. ಹೇಳುವ ವಿಧಾನ ಇದು: ‘ನಿಮ್ಮನ್ನು ಮೊದಲೇ ಕೇಳದೆ ಇದ್ದದ್ದು ಸಮಿತಿಯ ತಪ್ಪು. ತೀರ್ಮಾನದ ಬಗ್ಗೆ ಪರಿಶೀಲನೆಯ ದಿನ ಮಾತಾಡೋಣ.’ ವಿಧಾನದ ತಪ್ಪಿಗೆ ಕ್ಷಮೆ ಕೇಳುವುದರಿಂದ ತೀರ್ಮಾನ ಬಿದ್ದುಹೋಗುವುದಿಲ್ಲ. ಈ ಎರಡನ್ನು ಕಲಸಿಬಿಟ್ಟ ಸಮಿತಿಗಳು ಒಂದೋ ಕ್ಷಮೆಯನ್ನೇ ಕೇಳುವುದಿಲ್ಲ, ಇಲ್ಲವೇ ಕ್ಷಮೆಯ ಜೊತೆಗೆ ತೀರ್ಮಾನವನ್ನೂ ಕೊಟ್ಟುಬಿಡುತ್ತವೆ.

ಅಪೊಸ್ತಲರ ಕೃತ್ಯ 6 ಇಲ್ಲಿ ನೆನಪಿಗೆ ಬರಬೇಕು. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ದೂರು ನಿಜವಾಗಿತ್ತು. ಅಪೊಸ್ತಲರು ಅದನ್ನು ತಳ್ಳಿಹಾಕಲಿಲ್ಲ, ತಮ್ಮ ಕೆಲಸ ಬಿಟ್ಟು ತಾವೇ ಬಡಿಸಲೂ ಹೋಗಲಿಲ್ಲ. ಏಳು ಜನರನ್ನು ಆರಿಸಿರಿ ಅಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳೇ. ನಿಮ್ಮಲ್ಲಿ ಇದನ್ನು ಹೀಗೆ ತರಬಹುದು: ಸಮಯಪಟ್ಟಿ ನೋಡಿಕೊಳ್ಳಲು ಐದು ಜನರ ಉಪಸಮಿತಿ, ಅದರಲ್ಲಿ ಗಾಯನ ವೃಂದದಿಂದ ಒಬ್ಬರು, ಲೈನ್ ಮನೆಗಳಿಂದ ಇಬ್ಬರು, ಸಂಡೇ ಸ್ಕೂಲಿನಿಂದ ಒಬ್ಬರು, ಸಮಿತಿಯಿಂದ ಒಬ್ಬರು.

ತೀರ್ಮಾನಕ್ಕೆ ಅವಧಿ ಇಲ್ಲದಿದ್ದರೆ ಈಗಲೇ ಹಾಕಿ. ಆರು ಎರಡನೇ ಭಾನುವಾರ, ಅಂದರೆ ಆರು ತಿಂಗಳು. ಮೂರಕ್ಕೆ ನಿಲ್ಲಿಸಬೇಡಿ, ಮೊದಲೆರಡು ಸಲ ಹಾಜರಿ ಸಿಟ್ಟಿನ ಲೆಕ್ಕ ತೋರಿಸುತ್ತದೆಯೇ ಹೊರತು ಅನುಕೂಲದ ಲೆಕ್ಕವಲ್ಲ. ಆರು ತಿಂಗಳಲ್ಲಿ ಕೊಯ್ಲಿನ ಕಾಲವೂ ಜೋರು ಮಳೆಯ ಕಾಲವೂ ಎರಡೂ ಸಿಗುವ ಹಾಗೆ ನೋಡಿಕೊಳ್ಳಿ. ಜುಲೈನ ಮಳೆಯಲ್ಲಿ ಬೆಳಿಗ್ಗೆ 7.30ಕ್ಕೆ ವಯಸ್ಸಾದವರು ಬರುವುದು ನಿಜವಾಗಿಯೂ ಕಷ್ಟ. ಆ ತಿಂಗಳುಗಳಿಗೆ ಒಂದು ಜೀಪು ಗೊತ್ತುಮಾಡುವ ಖರ್ಚನ್ನು ಸಮಿತಿ ಹೊರಬಹುದೇ ನೋಡಿ. ಎರಡೂ ಆರಾಧನೆಗಳ ಹಾಜರಿಯನ್ನು ಪ್ರತಿ ಸಲ ತಲೆ ಎಣಿಸಿ ಬರೆದಿಡಿ. ಪರಿಶೀಲನೆಯ ದಿನ ಆ ಹಾಳೆ ಎದುರಿಗಿರಲಿ.

ಚಂದಾ ಬೆದರಿಕೆಗೆ ಖಜಾಂಚಿ ಕೂತು ಲೆಕ್ಕ ಹಾಕಲಿ. ಆ ಕುಟುಂಬಗಳ ಹಣ ಆರು ತಿಂಗಳು ಬಾರದಿದ್ದರೆ ಯಾವ ಖರ್ಚು ನಿಲ್ಲುತ್ತದೆ? ಅಯ್ಯನವರ ಸಂಬಳದ ಪಾಲು, ಕರೆಂಟ್ ಬಿಲ್ಲು, ದುರಸ್ತಿ ಎಂದು ಸಾಲುಸಾಲಾಗಿ ಬರೆಯಿರಿ. ಮೊತ್ತ ಕಾಗದದ ಮೇಲೆ ಬಂದ ಕೂಡಲೇ ಅರ್ಧ ಭಯ ಇಳಿಯುತ್ತದೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿ ಮಾತ್ರ ಖಜಾಂಚಿಯ ಬೀರುವಿನಿಂದ ಆಚೆ ಬರಬಾರದು.

ಉತ್ತರ 3: ಆನಂದಪುರದ ಹಾದಿ

ನನ್ನದು ಸ್ವಲ್ಪ ಬೇರೆ ಮಾತು, ಮನಸ್ಸಿಗೆ ಹತ್ತಿರವಾದದ್ದು.

ಪ್ರಶ್ನೆಯಲ್ಲಿ ಯಾರ ಅಳಲು ಇದೆ, ಯಾರದು ಇಲ್ಲ ನೋಡಿ. ಹಳೆಯ ಮನೆತನವಿದೆ, ಗಾಯನ ವೃಂದವಿದೆ, ವಾಟ್ಸಾಪ್ ಗುಂಪಿದೆ. ಆ 19 ಕುಟುಂಬಗಳ ಒಂದು ಮಾತೂ ಇಲ್ಲ. ಅವರು ಅಯ್ಯನವರಿಗೆ ರಾತ್ರಿ ಕರೆ ಮಾಡಿಲ್ಲ, ಯಾರ ಮನೆಯ ವರಾಂಡದಲ್ಲೂ ಕೂತು ಅತ್ತಿಲ್ಲ. ಅವರಿಗೆ ನೋವಿಲ್ಲ ಎಂದಲ್ಲ. ರೈಟರ (ತೋಟದ ಗುಮಾಸ್ತರ) ಎದುರು, ಸಾಹುಕಾರರ ಎದುರು ದನಿ ಎತ್ತಿ ಅಭ್ಯಾಸವಿಲ್ಲ, ಸಭೆಯಲ್ಲೂ ಅದೇ ಬೆನ್ನು ಬಾಗಿರುತ್ತದೆ. ಜೋರಾಗಿ ಕೇಳಿದ್ದನ್ನು ಮಾತ್ರ ನಾಯಕರು ಭಾವನೆ ಎಂದು ಲೆಕ್ಕಕ್ಕೆ ಹಿಡಿದರೆ, ಮೌನವಾಗಿರುವವರು ಪ್ರತಿ ಸಲವೂ ಸೋಲುತ್ತಾರೆ.

ಕೊಡಗಿನ ಕ್ರೈಸ್ತ ಚರಿತ್ರೆಯೇ ಇದಕ್ಕೆ ಸಾಕ್ಷಿ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಬೇರು 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟದ್ದರಿಂದ ಬೆಳೆದ ಸಮುದಾಯ ಅದು. ಬಾಸೆಲ್ ಮಿಷನ್ (ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆ) ಕಡೆಯ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಆಮೇಲೆ ಮಿಷನ್ನಿನ ನೆಲೆಯಾದ ಆನಂದಪುರದಲ್ಲಿ ನೆಲೆ ಕಂಡುಕೊಂಡವರಲ್ಲಿ ಹೆಚ್ಚಿನವರು ಜೀತದಲ್ಲಿ ದುಡಿಯುತ್ತಿದ್ದ ಬಡ ಕುಟುಂಬದವರು. ಎರಡು ಕಡೆಯೂ ಸಭೆ ಶುರುವಾದದ್ದು ನೆಲೆ ಇಲ್ಲದವರಿಗೆ ಯಾರೋ ಜಾಗ ಬಿಟ್ಟುಕೊಟ್ಟದ್ದರಿಂದ. ಈಗ ತಿಂಗಳಿಗೆ ಒಂದೂಕಾಲು ಗಂಟೆ ಕೇಳುತ್ತಿರುವವರೂ ಅಂಥವರೇ.

‘ಬಿಟ್ಟುಕೊಡುವುದೇ ಕ್ರಿಸ್ತನ ಮನಸ್ಸಲ್ಲವೇ’ ಎಂದು ಕೇಳಿದವರಿಗೆ ಇದನ್ನೇ ಕೇಳಬೇಕು: ನಾವು ಬಿಟ್ಟುಕೊಡಲು ಹೊರಟಿರುವುದು ಯಾರದನ್ನು? ನಮ್ಮ ಹಕ್ಕನ್ನು ಬಿಡಬಹುದು. ಲೈನ್ ಮನೆಯವರಿಗೆ ಕೊಟ್ಟ ಮಾತನ್ನು ನಮ್ಮ ನೆಮ್ಮದಿಗಾಗಿ ಬಿಡಲು ನಮಗೆ ಅಧಿಕಾರವಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುತ್ತಿದ್ದವನು, ಯಾಕೋಬನ ಕಡೆಯ ಯೆಹೂದ್ಯರು ಬಂದಾಗ ಹೆದರಿ ಹಿಂದೆ ಸರಿದ. ಬಾರ್ನಬನೂ ಅದರಲ್ಲಿ ಸಿಕ್ಕಿಬಿದ್ದ. ಪೌಲ ಎಲ್ಲರ ಎದುರೇ ಎದುರಿಸಿದ (ಗಲಾತ್ಯ 2). ಪೇತ್ರನಂಥವನೇ ಒತ್ತಡಕ್ಕೆ ಜಾರಿದ ಮೇಲೆ ನಿಮ್ಮ ಸಮಿತಿಯ ಅರ್ಧ ಜನ ಜಾರಿದರೆ ಅವರನ್ನು ಹೀನಾಯವಾಗಿ ನೋಡಬೇಡಿ. ಆದರೆ ಮೇಜಿನಿಂದ ಎದ್ದುಹೋದದ್ದರ ಪೆಟ್ಟು ಬಿದ್ದದ್ದು ಅನ್ಯಜನರಿಗೆ, ಅದನ್ನು ಮರೆಯಬೇಡಿ.

ಹಾಗಾಗಿ ಭೇಟಿಯ ಪಟ್ಟಿಯಲ್ಲಿ ಮೊದಲ ಮನೆ ಲೈನ್ ಮನೆಯಾಗಲಿ. ಸಂಜೆ 5ರ ಮೇಲೆ ಹೋಗಿ, ಕೆಲಸ ಬಿಟ್ಟು ಸ್ನಾನ, ಅಡುಗೆ ಮುಗಿಸುವ ಹೊತ್ತಿಗೆ. ತಮಿಳು ಬಲ್ಲವರನ್ನು ಕರೆದೊಯ್ಯಿರಿ. ಹೆಂಗಸರನ್ನು ನೇರವಾಗಿ ಕೇಳಿ, ಸಮಯ ಅವರಿಗೆ ಆಗುತ್ತದೆಯೇ ಎಂದು. ಭಾನುವಾರವೇ ಸಂತೆ ಬೀಳುವ ಊರಾದರೆ 10.30ಕ್ಕೆ ಮುಗಿಯುವುದು ಅವರಿಗೆ ಮುಖ್ಯ.

ಕಾರ್ಯದರ್ಶಿ, ಸಿದ್ದಾಪುರ ಕಡೆ

ಮೂವರಿಗೂ ಹೃದಯಪೂರ್ವಕ ವಂದನೆ. ಲೈನ್ ಮನೆಗಳಿಗೆ ಇನ್ನೂ ಯಾರೂ ಹೋಗಿರಲಿಲ್ಲ, ನಾಳೆಯೇ ಹೋಗುತ್ತೇವೆ.

ಇನ್ನೆರಡು ಪ್ರಶ್ನೆ. ಗಾಯನ ವೃಂದ ನಿಜಕ್ಕೂ ಬರದಿದ್ದರೆ? ಮತ್ತೆ, ಗುಂಪಿನಲ್ಲಿ ಒಬ್ಬ ಹುಡುಗ ‘ಹೀಗೇ ಆದರೆ ನಾನು ಬದುಕಿರುವುದಿಲ್ಲ’ ಎಂದು ಬರೆದಿದ್ದಾನೆ. ಇದೂ ಒತ್ತಡ ಹಾಕುವ ಮಾತೇ ಎಂದು ಕೆಲವರು ಬಿಟ್ಟುಬಿಡಿ ಅನ್ನುತ್ತಾರೆ.

ಉತ್ತರ 4: ದಾದಿ ಅಕ್ಕ

ಎರಡನೆಯದಕ್ಕೆ ಮೊದಲು ಉತ್ತರ. ಬಿಡಬೇಡಿ. ಇಂದೇ ಹೋಗಿ.

ಒತ್ತಡಕ್ಕೆ ಹೇಳಿದನೋ ನಿಜಕ್ಕೂ ಹೇಳಿದನೋ ಎಂದು ಅಳೆಯುವುದು ಸಮಿತಿಯ ಕೆಲಸವಲ್ಲ. ಅವನು ನಂಬುವ ಒಬ್ಬರು ಎದುರಿಗೆ ಕೂತು ನೇರವಾಗಿ ಕೇಳಲಿ: ‘ಸಾಯಬೇಕು ಅನ್ನಿಸುತ್ತಿದೆಯಾ? ಹೇಗೆ ಎಂದು ಯೋಚನೆ ಮಾಡಿದ್ದೀಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಎಂಬ ಭಯ ಬೇಡ, ಕೇಳಿದರೆ ಅವನಿಗೆ ಹಗುರವಾಗಬಹುದು. ಯೋಚನೆ ಮಾಡಿದ್ದೇನೆ ಅಂದರೆ ಒಬ್ಬನನ್ನೇ ಬಿಡಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಕೈಗೆ ಸಿಗುವಂತೆಯೇ ಇರುತ್ತವೆ. ಅವನ್ನು ಆ ರಾತ್ರಿಯೇ ಬೀಗದೊಳಗೆ ಇಡಿಸಿ, ಬೀಗದಕೈ ಬೇರೆಯವರ ಹತ್ತಿರ ಇರಲಿ. ಕೋವಿ ಇರುವ ಮನೆಯಾದರೆ ಅದನ್ನೂ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅಪಾಯ ಹತ್ತಿರವಿದೆ ಅನ್ನಿಸಿದರೆ ಕಾಯದೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ರಾರ್ಥನೆ ಮಾಡಿ, ಆಸ್ಪತ್ರೆಗೂ ಹೋಗಿ.

ಅದೇ ಹೊತ್ತಿಗೆ, ಅವನ ಜೀವ ಉಳಿಸಲೆಂದು ಆರಾಧನೆಯ ಸಮಯವನ್ನು ಚೌಕಾಸಿಗೆ ಇಡಬೇಡಿ. ಅವನ ಆರೈಕೆಯೇ ಬೇರೆ, ಸಮಿತಿಯ ತೀರ್ಮಾನವೇ ಬೇರೆ. ತೀರ್ಮಾನ ಬದಲಾಯಿಸಿದರೆ ಅವನ ಸಂಕಟದ ಬೇರು ಹಾಗೇ ಉಳಿಯುತ್ತದೆ, ಮುಂದಿನ ಬಾರಿ ಅವನಿಗೆ ಬೇರೆ ದಾರಿಯೂ ತೋಚುವುದಿಲ್ಲ.

ಈ ಎಳೆಯಲ್ಲಿ ‘ಅವಸರ ಬೇಡ, ಕಾಯಿರಿ’ ಎಂಬ ಮಾತು ಹೆಚ್ಚು ಬಂದಿದೆ. ಕಾಯಬಾರದ ಇನ್ನೊಂದು ಸಂದರ್ಭ ಹೇಳಿಬಿಡುತ್ತೇನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಮಾತು ಕಿವಿಗೆ ಬಿದ್ದರೆ ಮನೆ ಭೇಟಿ, ಉಪಸಮಿತಿ, ಮತ್ತಾಯ 18 ಯಾವುದೂ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ 21ನೇ ಕಲಮಿನಂತೆ ಶಿಕ್ಷೆ. ಮಕ್ಕಳ ಸಹಾಯವಾಣಿ 1098. ‘ಸಭೆಯ ಮರ್ಯಾದೆ’ ಎಂದು ಅಳುವವರು ಆಗಲೂ ಇರುತ್ತಾರೆ. ಅವರ ಕಣ್ಣೀರಿಗೆ ಆಗ ಒಂದು ಗಂಟೆಯನ್ನೂ ಕೊಡಬಾರದು.

ಉತ್ತರ 5: ಹೂಮಳೆ

ಗಾಯನ ವೃಂದದ ಬಗ್ಗೆ: ಬೇಡಿಕೊಳ್ಳಬೇಡಿ, ಬೇರೆಯವರನ್ನು ತಂದು ಅವರ ಜಾಗದಲ್ಲಿ ನಿಲ್ಲಿಸಲೂ ಬೇಡಿ. ‘ನಿಮ್ಮ ಕುರ್ಚಿಗಳು ಹಾಗೇ ಇರುತ್ತವೆ’ ಎಂದು ಅವರಿಗೆ ಹೇಳಿ. ನಾಲ್ಕು ವಾರ ಸಭೆಯೆಲ್ಲ ಬಾಯಿಪಾಠವಾಗಿ ಬಲ್ಲ ಕೀರ್ತನೆಗಳನ್ನು ಮಾತ್ರ ಆರಿಸಿ, ಒಂದು ಆರಾಧನೆಗೆ ನಾಲ್ಕೇ ಸಾಕು. ಶ್ರುತಿ ಹಿಡಿಯಲು ಒಬ್ಬರು ಮುಂದಿರಲಿ. ಹಾಡು ಸ್ವಲ್ಪ ಬಡವಾದರೂ ನಡೆಯುತ್ತದೆ.

ಮೊದಲ ಎರಡನೇ ಭಾನುವಾರದ ಮುಂಚಿನ ವಾರದಲ್ಲಿ ಗದ್ದಲ ಈಗಿನದಕ್ಕಿಂತ ಹೆಚ್ಚಾಗುತ್ತದೆ, ಸಮಿತಿಗೆ ಇವತ್ತೇ ಹೇಳಿಡಿ. ಮಾತಿನಿಂದ ಆಗದ್ದನ್ನು ಕೊನೆಯ ಸಲ ಜೋರಾಗಿ ತಳ್ಳಿ ನೋಡುತ್ತಾರೆ. ಅದು ಗೊತ್ತಿರದ ಸಮಿತಿ ಸರಿಯಾಗಿ ಆ ವಾರವೇ ಕೈಚೆಲ್ಲುತ್ತದೆ. ಬಿಟ್ಟು ಹೋದ ಮನೆಗೆ ಹೋಗಿಬರುವುದನ್ನು ನಿಲ್ಲಿಸಬೇಡಿ. ಅವರ ಮನೆಯಲ್ಲಿ ಕಾಯಿಲೆಯಾದರೆ, ಸಾವಾದರೆ ಅಯ್ಯನವರೂ ಹಿರಿಯರೂ ಮೊದಲು ಮುಟ್ಟಬೇಕು, ಈ ವಿಷಯ ಬಾಯಿಗೆ ತರದೆ.

ಅಯ್ಯನವರ ಫೋನು ರಾತ್ರಿ 8ರ ಮೇಲೆ ಹಿರಿಯರಲ್ಲಿ ಒಬ್ಬರ ಹತ್ತಿರ ಇರಲಿ, ದಿನಕ್ಕೊಬ್ಬರಂತೆ ಸರದಿ. ಸಾವು, ಆಸ್ಪತ್ರೆ ಇದ್ದರೆ ಮಾತ್ರ ಎಬ್ಬಿಸಿ. ವಾರಕ್ಕೆ ಒಂದು ಪೂರ್ತಿ ದಿನ ರಜೆ. ಅಮ್ಮನವರ (ಅಯ್ಯನವರ ಹೆಂಡತಿಯ) ಕೈಯಲ್ಲಿ, ಮಕ್ಕಳ ಕೈಯಲ್ಲಿ ಯಾರೂ ದೂರು ಹೇಳಿ ಕಳಿಸಬಾರದು. ನ್ಯಾಯ ಕೇಳುವ ಜನ ಬೆಳಿಗ್ಗೆಯಿಂದ ಸಂಜೆಯವರೆಗೆ ಮೋಶೆಯ ಸುತ್ತ ನಿಂತಿದ್ದನ್ನು ಕಂಡು ಮಾವ ಇತ್ರೋ ಹೇಳಿದ್ದು ಇದೇ: ನೀನೂ ಸೊರಗುತ್ತೀ, ಜನರೂ ಸೊರಗುತ್ತಾರೆ.

ಉತ್ತರ 6: ಲೆಕ್ಕಪುಸ್ತಕ

ಗುಂಪಿಗೆ ಹಾಕುವ ಸೂಚನೆಯ ಒಕ್ಕಣೆ ಕೆಳಗಿದೆ, ತಾರೀಖು ತುಂಬಿಕೊಳ್ಳಿ. ಇದನ್ನೇ ಅಚ್ಚು ಹಾಕಿಸಿ ದೇವಾಲಯದ ಬಾಗಿಲಿಗೂ ಅಂಟಿಸಿ, ತಮಿಳಿನಲ್ಲೂ ಒಂದು ಪ್ರತಿ ಇರಲಿ.

‘ಪ್ರಿಯ ಸಭೆಯವರೇ, ಬರುವ ಎರಡನೇ ಭಾನುವಾರದಿಂದ ಆರು ತಿಂಗಳು, ಪ್ರತಿ ಎರಡನೇ ಭಾನುವಾರ ಕನ್ನಡ ಆರಾಧನೆ 7.30ಕ್ಕೆ, ತಮಿಳು ಆರಾಧನೆ 9.15ಕ್ಕೆ. ಉಳಿದ ಭಾನುವಾರ ಎಂದಿನಂತೆ 8.30ಕ್ಕೆ. ಗಾಯನ ವೃಂದವನ್ನೂ ಸಂಡೇ ಸ್ಕೂಲ್ ಶಿಕ್ಷಕರನ್ನೂ ಮೊದಲೇ ಕೇಳದೆ ಇದ್ದದ್ದಕ್ಕೆ ಸಮಿತಿ ಕ್ಷಮೆ ಕೇಳುತ್ತದೆ. ದಿನಾಂಕ ____ ರಂದು ಆರಾಧನೆ ಮುಗಿದ ಮೇಲೆ ಪರಿಶೀಲನಾ ಸಭೆ ಇದೆ. ಪ್ರತಿಯೊಬ್ಬರಿಗೂ ಮೂರು ನಿಮಿಷ ಮಾತಾಡಲು ಅವಕಾಶ. ಅದಕ್ಕೆ ಮೊದಲು ಹೇಳುವುದಿದ್ದರೆ ಹಿರಿಯರು ನಿಮ್ಮ ಮನೆಗೇ ಬರುತ್ತಾರೆ, ಕಾರ್ಯದರ್ಶಿಗೆ ತಿಳಿಸಿ.’

ಕ್ಷಮೆಯ ಸಾಲು ನಿಜವಾಗಿಯೂ ಅನ್ವಯಿಸಿದರೆ ಮಾತ್ರ ಇಡಿ.